ಪಕ್ಕೆಲುಬಿನ ಮೃದ್ವಸ್ಥಿ ನೋವು: ಗುರುತು ಮತ್ತು ಆರೈಕೆ
ಅಡಿಕೆ ಕೊಯ್ಲಿನಲ್ಲಿ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಎಳೆದ ಮೇಲೆ ಅಥವಾ ಮಳೆಗಾಲದ ಬಿಡದ ಕೆಮ್ಮಿನ ನಂತರ, ಪಕ್ಕೆಲುಬು ಎದೆಮೂಳೆಗೆ ಸೇರುವಲ್ಲಿನ ಮೃದ್ವಸ್ಥಿ (ಬಾಗುವ ಮೆತ್ತನೆಯ ಎಲುಬು) ಉರಿಯೂತಗೊಂಡು ನೋಯುವುದುಂಟು. ಹೆಚ್ಚಾಗಿ 2ರಿಂದ 5ನೇ ಪಕ್ಕೆಲುಬು. ಬೆರಳಿನಿಂದ ಒತ್ತಿದರೆ ಅದೇ ನೋವು ಮರುಕಳಿಸುತ್ತದೆ. ಆಳವಾಗಿ ಉಸಿರೆಳೆದರೆ, ಮಗ್ಗುಲು ಬದಲಿಸಿದರೆ ಜಾಸ್ತಿ.

ಒತ್ತಿದಾಗ ನೋಯುತ್ತದೆ ಎಂದಮಾತ್ರಕ್ಕೆ ಹೃದಯದ್ದಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಮೊದಲ ಸಲವಾದರೆ ಇಸಿಜಿ ಮಾಡಿಸಲೇಬೇಕು. ಬೆವರು, ಏದುಸಿರು, ತೋಳು ಅಥವಾ ದವಡೆಗೆ ಹರಡುವ ನೋವಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಘಟ್ಟದ ಊರುಗಳಿಂದ ಆಸ್ಪತ್ರೆ ದೂರ. ಬೆಳಗಾಗಲಿ ಎಂದು ಕಾಯಬೇಡಿ.

ಹೃದಯ ಸರಿಯಿದ್ದರೆ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ದಿನಕ್ಕೆ ಮೂರು ಸಲ ಶಾಖ ಕೊಡಿ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಿ. ದೋಟಿ, ಹುಲ್ಲುಹೊರೆ ಕೆಲವು ವಾರ ಬೇಡ. ನೋವು ತಗ್ಗಿತೆಂದು ಬೇಗ ಹೊತ್ತರೆ ಮತ್ತೆ ಕೆರಳುತ್ತದೆ. ನೋವಿನ ಮಾತ್ರೆ ಐಬುಪ್ರೊಫೆನ್ ವೈದ್ಯರನ್ನು ಕೇಳಿಯೇ, ಊಟದ ನಂತರ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಸಲ್ಲದು.