ಬೋರ್ಡಿಗೆ ತಾಗಿಸಿ ಬುಟ್ಟಿಗೆ: ಟಿಮ್ ಡಂಕನ್ ಅವರ ಶಾಟನ್ನು ಕಾರವಾರದ ಕೋರ್ಟಿನಲ್ಲಿ ಕಲಿಯುವ ಬಗೆ

ಕಾರವಾರದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವಾಗ ನಾನು ಮೊದಲು ಹೆಸರಿಸುವ ಆಟಗಾರ ಮೈಕೆಲ್ ಜೋರ್ಡನ್ ಅಲ್ಲ, ಟಿಮ್ ಡಂಕನ್. ಜೋರ್ಡನ್ ಅವರಂತೆ ಹಾರಲು ಹೊರಟ ಐದೂವರೆ ಅಡಿಯ ಹುಡುಗನಿಗೆ ವರ್ಷವಿಡೀ ನಿರಾಸೆಯೇ ಗತಿ. ಡಂಕನ್ 6 ಅಡಿ 11 ಅಂಗುಲ ಎತ್ತರದವರಾದರೂ ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಬ್ಯಾಂಕ್ ಶಾಟ್, ಅಂದರೆ ಚೆಂಡನ್ನು ಬೋರ್ಡಿಗೆ ತಾಗಿಸಿ ರಿಂಗಿನೊಳಕ್ಕೆ ಇಳಿಸುವ ಹೊಡೆತ, ಎತ್ತರಕ್ಕಿಂತ ಲೆಕ್ಕವನ್ನೇ ಹೆಚ್ಚು ಬೇಡುತ್ತದೆ.

ಅವರು 1976ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ ಹುಟ್ಟಿದವರು. ಮೊದಲು ಈಜುಗಾರರಾಗಿದ್ದರು, 1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಚಂಡಮಾರುತವು ದ್ವೀಪದ ಈಜುಕೊಳವನ್ನು ಹಾಳುಗೆಡವಿದಾಗ ಸಮುದ್ರದಲ್ಲಿಯೇ ಅಭ್ಯಾಸ ಮಾಡಬೇಕಾಗಿ ಬಂದು, ಶಾರ್ಕ್‌ಗಳ ಭಯದಿಂದ ಈಜನ್ನೇ ಬಿಟ್ಟರು. ಅಕ್ಕನ ಗಂಡನಿಂದ ಆಟದ ಪಾಠ ಹೇಳಿಸಿಕೊಂಡು ಒಂಬತ್ತನೆಯ ತರಗತಿಯಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದರು. ಕಡಲ ಮಗ್ಗುಲಲ್ಲಿ ಬೆಳೆದ ನಮ್ಮ ಹುಡುಗರಿಗೆ ಈ ಭಾಗ ಬೇಗ ಹಿಡಿಸುತ್ತದೆ, ಹಾಗೆಯೇ ಎಂಟನೆಯ ತರಗತಿ ದಾಟಿದ ಮೇಲೆ ಕಲಿಯಲು ಬಂದವರ ಸಂಕೋಚವೂ ಕಡಿಮೆಯಾಗುತ್ತದೆ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಓದಿ ಮುಗಿಸಿ, 1997ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ ಸೇರಿದ ಅವರು, 2016ರಲ್ಲಿ ನಿವೃತ್ತರಾಗುವವರೆಗೆ 19 ಋತುಗಳನ್ನು ಅದೇ ತಂಡದಲ್ಲಿ ಕಳೆದು, ಐದು ಬಾರಿ ಚಾಂಪಿಯನ್ ಆಗಿ, 26,496 ಅಂಕ ಗಳಿಸಿದರು.

ಶಾಟ್ ಕಲಿಯುವ ಮೊದಲು ಬೋರ್ಡನ್ನು ಅರಿಯಬೇಕು. ಡಂಕನ್ ಆಡಿದ್ದು ಗಾಜಿನ ಬೋರ್ಡಿನ ಮೇಲೆ; ನಮ್ಮ ಮೈದಾನಗಳಲ್ಲಿ ಇರುವುದು ಸಾಮಾನ್ಯವಾಗಿ ಹಲಗೆಯ ಅಥವಾ ಫೈಬರಿನ ಬೋರ್ಡು, ಅದನ್ನು ಹಿಡಿದಿರುವುದು ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬ. ಮಳೆನೀರು ಕುಡಿದ ಹಲಗೆಯು ಚೆಂಡಿನ ವೇಗವನ್ನು ನುಂಗುವುದರಿಂದ ಗಾಜಿನ ಲೆಕ್ಕದಲ್ಲಿ ಎಸೆದ ಚೆಂಡು ರಿಂಗಿಗೆ ತಲುಪುವ ಮೊದಲೇ ಕೆಳಗಿಳಿಯುತ್ತದೆ. ಆದ್ದರಿಂದ ಹೊಸ ಕೋರ್ಟಿಗೆ ಹೋದ ದಿನ ಒಂದು ಮೀಟರ್ ದೂರದಿಂದ ಹತ್ತು ಚೆಂಡುಗಳನ್ನು ಬೋರ್ಡಿಗೆ ಮೆಲ್ಲಗೆ ಎಸೆದು, ಅದು ಎಷ್ಟು ಹಿಂದಕ್ಕೆ ಪುಟಿಯುತ್ತದೆ ಎಂಬುದನ್ನು ಕಣ್ಣಿನಲ್ಲಿ ಅಳೆದುಕೊಳ್ಳಿರಿ. ಬೋರ್ಡು ಕಂಬದ ಮೇಲೆ ಅಲುಗಾಡುತ್ತಿದ್ದರೆ ಮೊದಲು ಬೋಲ್ಟು ಬಿಗಿಸುವುದು ಲೇಸು; ಅಲುಗಾಡುವ ಬೋರ್ಡಿನ ಮೇಲೆ ಯಾವ ಲೆಕ್ಕವೂ ನಿಲ್ಲದು.

ಬುಟ್ಟಿಯ ಕಡೆ ಮುಖ ಮಾಡಿ, ನಿಮ್ಮ ಎಡಬದಿಯಲ್ಲಿ, ಬೋರ್ಡಿಗೆ ಸುಮಾರು 45 ಡಿಗ್ರಿ ಕೋನವಾಗುವಂತೆ ನಿಲ್ಲಬೇಕು. ದೂರ ಎರಡೂವರೆ ಮೀಟರಿಗಿಂತ ಹೆಚ್ಚು ಬೇಡ. ಬಲಗೈ ಆಟಗಾರರಾದ ಡಂಕನ್ ಅವರ ಮೆಚ್ಚಿನ ಬದಿಯೂ ಇದೇ. ಕಣ್ಣು ರಿಂಗಿನ ಮೇಲಲ್ಲ, ಬೋರ್ಡಿನ ಮೇಲೆ ಬರೆದ ಚಿಕ್ಕ ಚೌಕದಲ್ಲಿ ನಿಮಗೆ ಹತ್ತಿರವಾದ ಮೇಲಿನ ಮೂಲೆಯ ಮೇಲಿರಲಿ. ಕೇರಂ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅಂಚಿಗೆ ಬಡಿದ ಸ್ಟ್ರೈಕರ್ ಬಂದ ಕೋನದಲ್ಲಿಯೇ ಹೊರಳುವಂತೆ ಚೆಂಡೂ ಹೊರಳುತ್ತದೆ. ಚೆಂಡು ಮೇಲೇರಿ, ಇಳಿಯುತ್ತಿರುವಾಗ ಬೋರ್ಡಿಗೆ ತಾಗಬೇಕು. ಏರುತ್ತಿರುವಾಗ ತಾಗಿದರೆ ರಿಂಗನ್ನು ದಾಟಿ ಆಚೆಗೆ ಹೋಗುತ್ತದೆ. ಮಣಿಕಟ್ಟನ್ನು ಬಾಗಿಸಿ ಬೆರಳ ತುದಿಯಿಂದ ಬಿಟ್ಟಾಗ ಚೆಂಡು ಹಿಮ್ಮುಖವಾಗಿ ತಿರುಗುವುದರಿಂದ, ಬೋರ್ಡಿಗೆ ತಾಗಿದೊಡನೆ ಕೆಳಮುಖವಾಗಿ ಇಳಿಯುತ್ತದೆ.

ನಿಂತಲ್ಲಿಂದ ಹತ್ತರಲ್ಲಿ ಆರು ಬೀಳತೊಡಗಿದ ಮೇಲೆ ಮಾತ್ರ ಕಾಲಿನ ಕೆಲಸಕ್ಕೆ ಇಳಿಯಿರಿ. ಬುಟ್ಟಿಗೆ ಬೆನ್ನು ಕೊಟ್ಟು ಚೆಂಡು ಪಡೆದು, ಒಂದು ಪಾದವನ್ನು ಊರಿ ತಿರುಗಿ ಎದುರಾಳಿಗೆ ಮುಖ ಮಾಡುವುದು ಮೊದಲ ಹೆಜ್ಜೆ. ಇನ್ನೊಂದು ಪಾದವನ್ನು ಮುಂದಕ್ಕೆ ಇಟ್ಟು ನುಗ್ಗುವಂತೆ ತೋರಿಸಿದಾಗ ಎದುರಾಳಿ ಹಿಂದೆ ಸರಿಯುತ್ತಾನೆ. ಆ ಅರೆಕ್ಷಣದಲ್ಲಿ ಶಾಟ್ ಬಿಡಬೇಕು. ಅವನು ಸರಿಯದಿದ್ದರೆ ಒಂದೇ ಡ್ರಿಬಲ್‌ನಲ್ಲಿ, ಅಂದರೆ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ, ಪಕ್ಕದಿಂದ ಸಾಗಬೇಕು. ಊರಿದ ಪಾದ ಜಾರಿದರೆ ಟ್ರಾವೆಲಿಂಗ್, ಅಂದರೆ ಚೆಂಡು ಎದುರಾಳಿಗೆ ಹೋಗುವ ತಪ್ಪು. ನಮ್ಮ ಅಂತರ ಶಾಲಾ ಪಂದ್ಯಗಳಲ್ಲಿ ಹೆಚ್ಚು ಚೆಂಡು ಕೈಬಿಡುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ಸಮುದ್ರದ ಗಾಳಿ ಮಧ್ಯಾಹ್ನದ ನಂತರ ಜೋರಾಗುವುದರಿಂದ ಈ ಅಭ್ಯಾಸಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಶಿರಸಿಯ ಕಡೆಯ ಕೋರ್ಟುಗಳಲ್ಲಿ ಪಾಚಿ ಕಟ್ಟುತ್ತದೆ. ಅದರ ಮೇಲೆ ತಿರುಗಲು ಹೋದರೆ ಮೊಣಕಾಲಿಗೆ ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದದ ತಿರುವನ್ನು ಚೆಂಡಿಲ್ಲದೆ, ಶಾಲೆಯ ಜಗಲಿಯ ಮೇಲೆ ಅಭ್ಯಾಸ ಮಾಡಿದರೆ ಸಾಕು.

ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಶಾಟ್, ಅದರ ವಿಷಯದಲ್ಲಿ ಮಾತ್ರ ಡಂಕನ್ ಅವರನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿರಿ. ವೃತ್ತಿಜೀವನದುದ್ದಕ್ಕೂ ಅವರು ನೂರಕ್ಕೆ ಸುಮಾರು 70ರಷ್ಟನ್ನು ಮಾತ್ರ ಬುಟ್ಟಿಗೆ ಹಾಕಿದರು. ಅಲ್ಲಿ ನೀವು ಬೋರ್ಡಿಗೆ ನೇರ ಎದುರಾಗಿ ನಿಂತಿರುತ್ತೀರಿ, ಕೋನದ ನೆರವು ಇರುವುದಿಲ್ಲ. ಆದ್ದರಿಂದ ಪ್ರತಿ ದಿನದ ಕೊನೆಯ ಇಪ್ಪತ್ತು ಚೆಂಡುಗಳನ್ನು ಬೋರ್ಡಿನತ್ತ ನೋಡದೆ, ನೇರವಾಗಿ ರಿಂಗಿಗೇ ಎಸೆಯಿರಿ.