ಲಾಡ್ಜ್ ಬಿಟ್ಟು ಬಯಲಲ್ಲಿ ಮಲಗುವುದಾದರೆ: ಸೊಲ್ಲಾಪುರ ಸೀಮೆಯ ಬಿಸಿಲಲ್ಲಿ ಟೆಂಟ್ ಹಾಕುವ ಬಗೆ

ನಾಲ್ಕು ಜನ, ಎರಡು ಕೋಣೆ, ಮೂರು ರಾತ್ರಿ. ಕೋಣೆಗೆ ದಿನಕ್ಕೆ 1,200 ರೂಪಾಯಿ ಹಿಡಿದರೂ 7,200 ರೂಪಾಯಿ ಬಾಡಿಗೆಗೇ ಹೋಯಿತು. ಅಕ್ಕಲಕೋಟೆ, ಮಂಗಳವೇಢೆ, ಪಂಢರಪುರ ಎಂದು ಬೇಸಿಗೆ ರಜೆಯಲ್ಲಿ ಬೈಕ್ ಏರುವ ನಮ್ಮ ಗಡಿನಾಡಿನ ಹುಡುಗರು ಈ ದುಡ್ಡು ಉಳಿಸಲು ಟೆಂಟ್ ಕಟ್ಟಿಕೊಂಡು ಹೊರಡುವುದು ಒಳ್ಳೆಯ ವಿಚಾರವೇ. ಆದರೆ ಸೊಲ್ಲಾಪುರ, ಜತ್ತ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ 42–43 ಡಿಗ್ರಿ ಮುಟ್ಟುವುದು ಹೊಸದಲ್ಲ. ಮಲೆನಾಡಿನಲ್ಲಿ ಟೆಂಟ್ ಹಾಕಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಟೆಂಟ್ ಏನಿದ್ದರೂ ರಾತ್ರಿಗೆ ಮಾತ್ರ. ಹಗಲು ಎಲ್ಲಿ ಕಳೆಯುತ್ತೀರಿ ಎಂಬುದು ಗಟ್ಟಿಯಾಗದೆ ರಾತ್ರಿಯ ಜಾಗ ಹುಡುಕಲು ಹೋಗಬೇಡಿ.

ಮೊದಲು ಹಗಲಿನ ನೆರಳು

ಬೆಳಿಗ್ಗೆ 11ರಿಂದ ಸಂಜೆ 4.30ರವರೆಗೆ ಎಲ್ಲಿರುತ್ತೀರಿ? ಬಿಸಿಲಲ್ಲಿ ನಿಂತ ನೈಲಾನ್ ಟೆಂಟಿನ ಒಳಗೆ ಹೊರಗಿಗಿಂತಲೂ ಹೆಚ್ಚು ಕಾವು ಕೂಡುತ್ತದೆ. ಅದರಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ಜೀವಕ್ಕೇ ಅಪಾಯ. ನಿಲ್ಲಿಸಿದ ಕಾರಿನದೂ ಅದೇ ಕಥೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಹಳೆಯ ಉತ್ತರವಿದೆ: ಕಲ್ಲಿನ ಗುಡಿ. ಭೀಮಾ ಮತ್ತು ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಚಾಲುಕ್ಯರ ಕಾಲದ ಸಂಗಮೇಶ್ವರ, ಹರಿಹರೇಶ್ವರ ಗುಡಿಗಳಿವೆ. 359 ಮುಖಗಳನ್ನು ಕೆತ್ತಿದ ಅಪರೂಪದ ಲಿಂಗ ಇರುವುದೂ ಅಲ್ಲಿಯೇ. ಮಂಗಳವೇಢೆ ತಾಲ್ಲೂಕಿನ ಮಾಚನೂರಿನಲ್ಲಿ ಭೀಮೆಯ ದಂಡೆಗೆ ಸಿದ್ಧೇಶ್ವರನ ಗುಡಿ. ದಪ್ಪ ಕಲ್ಲು ಕಾಯಲು ಬಹಳ ಹೊತ್ತು ಹಿಡಿಯುತ್ತದೆ. ಹೊರಗೆ ಬೆಂಕಿ ಸುರಿಯುವಾಗಲೂ ಒಳಗಿನ ಮಂಟಪ ತಂಪಾಗಿರುವುದು ಇದರಿಂದಲೇ. ಪೂಜಾರಿಗಳನ್ನು ಕೇಳಿ ಮೂಲೆಯಲ್ಲಿ ಕುಳಿತುಕೊಳ್ಳಿ. ಹಳೆಯ ಗುಡಿಯ ಅಂಗಳದಲ್ಲಿ ಟೆಂಟ್ ಮಾತ್ರ ಹೊಡೆಯಬೇಡಿ. ಅಕ್ಕಲಕೋಟೆಯಲ್ಲಿದ್ದರೆ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಊಟವೂ ಆಗುತ್ತದೆ, ನೆರಳೂ ಸಿಗುತ್ತದೆ.

ರಾತ್ರಿಯ ಜಾಗ

ಜಾಗ ತಪ್ಪಿದರೆ ಉಳಿದ ಜಾಣತನವೆಲ್ಲ ವ್ಯರ್ಥ. ಹಾಗಾಗಿ ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ತಲುಪಿ, ಬೆಳಕಿದ್ದಾಗಲೇ ನೆಲ ನೋಡಿ.

ಹಾಸುಗಲ್ಲು, ಸಿಮೆಂಟ್ ಕಟ್ಟೆ, ಡಾಂಬರಿನ ಬದಿ ಬೇಡ. ಹಗಲೆಲ್ಲ ಕುಡಿದ ಶಾಖವನ್ನು ಅವು ನಡುರಾತ್ರಿಯವರೆಗೂ ಕಾರುತ್ತಲೇ ಇರುತ್ತವೆ. ಮಧ್ಯಾಹ್ನ ನಮ್ಮನ್ನು ಕಾಪಾಡಿದ ಕಲ್ಲಿನ ಗೋಡೆಯೂ ರಾತ್ರಿ ಹೊರಗಿನಿಂದ ಹಾಗೆಯೇ, ಅದರಲ್ಲೂ ಇಳಿಬಿಸಿಲು ಬಿದ್ದ ಪಶ್ಚಿಮದ ಮುಖ. ಸಣ್ಣ ಹುಲ್ಲಿರುವ ಮಣ್ಣು ಬೇಗ ಆರುತ್ತದೆ. ಯರೆಹೊಲವಾದರೆ ಬೇಸಿಗೆಯ ಬಿರುಕುಗಳಿರುತ್ತವೆ, ಹಾವು ಚೇಳು ಅಡಗುವುದು ಅಲ್ಲಿಯೇ. ಬಿರುಕಿಲ್ಲದ ಗಟ್ಟಿ ನೆಲ, ತುಸು ಎತ್ತರ, ಗಾಳಿಗೆ ತೆರೆದ ಕಡೆ ಇಷ್ಟು ಸಿಕ್ಕರೆ ಸಾಕು. ದೊಡ್ಡ ಬೇವಿನ ಮರ ಇದ್ದರೆ ಅದರ ಪಶ್ಚಿಮಕ್ಕೆ ಟೆಂಟ್ ಹಾಕಿ. ಬೆಳಗಿನ ನೆರಳು ನಿಮ್ಮ ಮೇಲೆ ಬಿದ್ದು ಒಂದು ಗಂಟೆ ಹೆಚ್ಚು ಮಲಗಬಹುದು.

ಭೀಮೆಯ ಪಾತ್ರದೊಳಗೆ ಮಾತ್ರ ಇಳಿಯಬೇಡಿ, ಮರಳು ಎಷ್ಟೇ ಆಸೆ ಹುಟ್ಟಿಸಲಿ. ಬೇಸಿಗೆಯಲ್ಲೂ ಉಜನಿ ಅಣೆಕಟ್ಟೆಯಿಂದ ನದಿಗೆ ನೀರು ಬಿಡುವುದುಂಟು. ಸಂಜೆ ಒಣಗಿದ್ದ ಪಾತ್ರಕ್ಕೆ ನಸುಕಿನಲ್ಲಿ ನೀರು ಬಂದಿರಬಹುದು. ದಂಡೆಯಲ್ಲೂ ನೀರಿನ ಗುರುತಿಗಿಂತ ಸಾಕಷ್ಟು ಮೇಲೆ ಇರಿ. ನಾನ್ನಜದ ಕಡೆ ಹೋದರೆ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಅಭಯಾರಣ್ಯದ ಒಳಗೆ ಟೆಂಟ್ ಹಾಕುವಂತಿಲ್ಲ.

ಹೊಲ ಯಾರದೋ ಆಗಿರುತ್ತದೆ, ಕೇಳದೆ ಮಲಗಬಾರದು. “ಕಾಕಾ, ಇವತ್ತೊಂದ ರಾತ್ರಿ ನಿಮ್ಮ ಬೇವಿನ ಗಿಡದ ಕೆಳಗ ಮಲಗಿ ಹೊತ್ತು ಮೂಡೂದ್ರಾಗ ಹೋಗ್ತೀವ್ರಿ” ಎಂದರೆ ಈ ಭಾಗದಲ್ಲಿ ಒಲ್ಲೆ ಎನ್ನುವವರು ಕಡಿಮೆ. ಬಾವಿ ಎಲ್ಲಿದೆ, ಹಾವಿನ ಕಾಟ ಎಷ್ಟಿದೆ ಎಂಬುದೂ ಆ ಮಾತಿನಲ್ಲೇ ತಿಳಿಯುತ್ತದೆ. ಹೊರಸು ಕೊಡುತ್ತೇವೆ ಎಂದರೆ ಸಂಕೋಚ ಪಡದೆ ತೆಗೆದುಕೊಳ್ಳಿ. ಹಗ್ಗದ ಹೊರಸಿಗೆ ಕೆಳಗಿನಿಂದಲೂ ಗಾಳಿ ಆಡುತ್ತದೆ, ನೆಲದ ಕಾವೂ ತಾಗುವುದಿಲ್ಲ. ಸೆಕೆಗೆ ಟೆಂಟಿಗಿಂತ ಅದೇ ಮೇಲು.

ಟೆಂಟ್ ಕಟ್ಟುವಾಗ

ಮೇಲಿನ ಮಳೆ ಹೊದಿಕೆ ತೆಗೆದು ಜಾಳಿಗೆಯ ಒಳಟೆಂಟನ್ನಷ್ಟೇ ನಿಲ್ಲಿಸಿ. ಹೊದಿಕೆಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಏಪ್ರಿಲ್–ಮೇ ಸಂಜೆಗಳಲ್ಲಿ ಧೂಳೆಬ್ಬಿಸಿ ಬರುವ ಅಡ್ಡಮಳೆಗೆ ಹೊತ್ತುಗೊತ್ತಿಲ್ಲ. ಗೂಟಗಳನ್ನು ಪೂರಾ ಹೊಡೆಯಿರಿ. ಗುಡುಗು ಕೇಳಿಸಿತೋ, ಮರದ ಕೆಳಗಿನಿಂದ ಎದ್ದು ಪಕ್ಕಾ ಕಟ್ಟಡಕ್ಕೆ ಹೋಗಿ.

ಜಾಳಿಗೆಯ ಜಿಪ್ ಸದಾ ಮುಚ್ಚಿರಲಿ. ಇದು ಸೊಳ್ಳೆಗಾಗಿ ಮಾತ್ರವಲ್ಲ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ಕಚ್ಚಿದ್ದು ನೋವೇ ಆಗುವುದಿಲ್ಲ. ಹೊರಸಿನ ಮೇಲೆ ಮಲಗುವವರೂ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಬೇಕು. ಬೂಟನ್ನು ಬೆಳಿಗ್ಗೆ ಕೊಡವದೆ ಹಾಕಬೇಡಿ. ಕೆಂಪು ಚೇಳು ಕುಟುಕಿದರೆ ನಾಟಿ ಮದ್ದು, ಮಂತ್ರ ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರದ ಮಹಾಡದಲ್ಲಿದ್ದುಕೊಂಡೇ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಚಿಕಿತ್ಸೆಯನ್ನು ರೂಢಿಗೆ ತಂದು ಎಷ್ಟೋ ಜೀವ ಉಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ತಲುಪುವುದಷ್ಟೇ ನಮ್ಮ ಕೆಲಸ.

ನೀರು, ಒದ್ದೆ ಟವೆಲ್

ಕುಡಿಯಲು ತಲೆಗೆ ದಿನಕ್ಕೆ 6 ಲೀಟರ್, ಮೈ ತಂಪಿಗೆ ಬೇರೆ 4 ಲೀಟರ್ ಲೆಕ್ಕ ಹಾಕಿ. ಒಣ ಸೆಕೆಯಲ್ಲಿ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ. ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯುತ್ತಿರಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಬರೀ ನೀರಷ್ಟೇ ಕುಡಿದರೂ ಸಾಲದು, ಉಪ್ಪೂ ಹೋಗಿರುತ್ತದೆ. ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆಯಂತೂ ದಾರಿಯುದ್ದಕ್ಕೂ ಸಿಗುತ್ತದೆ. ಒಲೆ ಹೊತ್ತಿಸುವ ಗೋಜು ಬೇಡ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಂಡರೆ ಮೂರು ದಿನ ಕೆಡುವುದಿಲ್ಲ.

ಮಲಗುವ ಮುಂಚೆ ಸೊಲ್ಲಾಪುರದ ದಪ್ಪ ಹತ್ತಿ ಟವೆಲನ್ನು ನೀರಿಗೆ ಅದ್ದಿ ಹಿಂಡಿ ಕುತ್ತಿಗೆ, ಎದೆಯ ಮೇಲೆ ಹಾಕಿಕೊಳ್ಳಿ. ನೀರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿರುವ ನಮ್ಮ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ ಕಾಸರಗೋಡಿನ ಕರಾವಳಿಯಲ್ಲಿ ಅಷ್ಟು ಪ್ರಯೋಜನವಿಲ್ಲ. ಬ್ಯಾಟರಿ ಫ್ಯಾನ್ ಇದ್ದರೆ ಒದ್ದೆ ಬಟ್ಟೆಯ ಜೊತೆಗೇ ಬಳಸಿ. 40 ಡಿಗ್ರಿಯ ಒಣ ಗಾಳಿಯನ್ನು ಒಣ ಮೈಗೆ ಬೀಸಿದರೆ ಮೈ ಇನ್ನಷ್ಟು ಕಾಯುತ್ತದೆ.

ರಾಜಸ್ಥಾನಕ್ಕೆ ಹೊರಟವರಿಗೆ

ಇಲ್ಲಿ ಪಳಗಿದ ಮೇಲೆ ಜೈಸಲ್ಮೇರಿನ ಮರಳಿನ ಮೇಲೂ ಹೀಗೆಯೇ ಮಲಗೋಣ ಎನ್ನುವವರಿದ್ದಾರೆ. ಮೇ–ಜೂನ್‌ನಲ್ಲಿ ಬೇಡವೇ ಬೇಡ. 2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ ದಾಖಲಾಗಿದೆ. ಮರುಭೂಮಿಯ ರಾತ್ರಿ ಚಳಿ ಎಂಬುದು ಚಳಿಗಾಲದ ಮಾತು. ಬೇಸಿಗೆಯಲ್ಲಿ ರಾತ್ರಿಯೂ 30 ಡಿಗ್ರಿಯ ಹತ್ತಿರವೇ ಇರುತ್ತದೆ, ಮೇಲೆ ಧೂಳಿನ ಬಿರುಗಾಳಿ. ಪ್ರವಾಸಿಗರಿಲ್ಲದ ಆ ದಿನಗಳಲ್ಲಿ ಅಲ್ಲಿ ಕೋಣೆಯ ಬಾಡಿಗೆಯೂ ಇಳಿದಿರುತ್ತದೆ. ಟೆಂಟಿನಿಂದ ಉಳಿಯುವುದು ಅಷ್ಟಕ್ಕಷ್ಟೇ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೋಗಿ.

ಯಾವಾಗ ಕೋಣೆ ಹಿಡಿಯಬೇಕು

ಉಳಿಸಿದ ದುಡ್ಡಿನಲ್ಲಿ ಒಂದು ರಾತ್ರಿಯ ಎಸಿ ಕೋಣೆಯ ಬಾಡಿಗೆ ಜೇಬಿನಲ್ಲಿ ಬೇರೆಯೇ ಇರಲಿ. ಅದಿಲ್ಲದೆ ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ, ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಬಿಸಿಗಾಳಿಯ ಜೊತೆಗೆ ರಾತ್ರಿಯ ಉಷ್ಣತೆಯೂ ಇಳಿಯುವುದಿಲ್ಲ ಎಂಬ ಎಚ್ಚರಿಕೆ ಇದ್ದರೆ ಅಂದು ಟೆಂಟ್ ಹಾಕಬೇಡಿ. ಹಗಲಿನ ಕಾವಿನಿಂದ ಬಳಲಿದ ದೇಹ ರಾತ್ರಿ ಆರದಿದ್ದರೆ ಮರುದಿನದ ಬಿಸಿಲು ತಡೆಯುವುದಿಲ್ಲ. ಕೂಸುಗಳು, ಬಸುರಿಯರು, 65 ದಾಟಿದವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರು ಜೊತೆಗಿದ್ದರೆ ಮೊದಲೇ ಕೋಣೆ ಹಿಡಿಯಿರಿ.

ತಲೆನೋವು, ವಾಕರಿಕೆ, ಕಾಲು ಸೆಳೆತ ಶುರುವಾದರೆ ನೆರಳಿಗೆ ಹೋಗಿ ಒಆರ್‌ಎಸ್ ಕುಡಿದು ಮಲಗಬೇಕು; ಅಂದಿನ ಪ್ರಯಾಣ ಅಲ್ಲಿಗೆ ನಿಲ್ಲಲಿ. ಜೊತೆಗಾರ ಅಸಂಬದ್ಧ ಮಾತಾಡತೊಡಗಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಬೆವರು ಬರುತ್ತಿದ್ದರೂ ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ ಇಡೀ ಮೈಗೆ ನೀರು ಸುರಿದು ಗಾಳಿ ಬೀಸಿ. ಬಾವಿಯ ಪಂಪ್ ಹತ್ತಿರವಿದ್ದರೆ ಅದರ ಧಾರೆಯ ಕೆಳಗೇ ಕೂರಿಸಿ, ತಲೆ ಹಿಡಿದುಕೊಳ್ಳಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು, ಪ್ಯಾರಾಸಿಟಮಾಲ್ ಕೊಟ್ಟು ಪ್ರಯೋಜನವಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮೈ ತಂಪಾಗಬೇಕು, ಆಸ್ಪತ್ರೆಯ ದಾರಿಯಲ್ಲೂ ಒದ್ದೆ ಬಟ್ಟೆ ತೆಗೆಯಬೇಡಿ.