ಅಲಸಂದೆ ಚಿಬ್ಬು ರೋಗಕ್ಕೆ ಔಷಧಿ ಪರೀಕ್ಷೆ: ತಟ್ಟೆಯಿಂದ ತಾಕಿನವರೆಗೆ

ಅಲಸಂದೆಗೆ ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಶಿಲೀಂಧ್ರದ ಮೇಲೆ ನಾನು ಮೊದಲು ಮಾಡುವುದು ಪಾಯ್ಸನ್ಡ್ ಫುಡ್ ಪರೀಕ್ಷೆ, ಅಂದರೆ ಔಷಧಿ ಬೆರೆಸಿದ ಆಹಾರದ ಮೇಲೆ ಶಿಲೀಂಧ್ರವನ್ನು ಬೆಳೆಸಿ ನೋಡುವುದು. ಆ ಆಹಾರಕ್ಕೆ (ಮೀಡಿಯಾ) 200 ಗ್ರಾಂ ಆಲೂಗಡ್ಡೆ ಬೇಯಿಸಿ ಬಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, ಅದು ಗಟ್ಟಿಯಾಗಲು 20 ಗ್ರಾಂ ಅಗಾರ್. ಇದನ್ನು ಒಂದು ಲೀಟರಿಗಲ್ಲ, 950 ಮಿ.ಲೀ.ಗೆ ನಿಲ್ಲಿಸುತ್ತೇನೆ, ಉಳಿದ 50 ಮಿ.ಲೀ. ಔಷಧಿಯ ದ್ರಾವಣಕ್ಕೆ. ಹೀಗೆ ಮಾಡದಿದ್ದರೆ ಅಗಾರ್ ತೆಳುವಾಗುತ್ತದೆ. ಹೋಲಿಕೆಗೆ ಇಡುವ ಔಷಧಿಯಿಲ್ಲದ ತಟ್ಟೆಗೂ (ಕಂಟ್ರೋಲ್) ಅಷ್ಟೇ ಪ್ರಮಾಣದ ಶುದ್ಧ ನೀರು ಸೇರಿಸಬೇಕು.

ಲೆಕ್ಕ ತಪ್ಪುವುದು ಪುಡಿ ತೂಗುವಾಗ. ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂದರೆ ಮೂಲ ವಿಷಾಂಶದ ಲೆಕ್ಕ, ಪೊಟ್ಟಣದ ಪುಡಿಯದಲ್ಲ. ಕಾರ್ಬೆಂಡಜಿಮ್ 50 ಡಬ್ಲ್ಯುಪಿ (ಶೇ. 50 ಮೂಲ ವಿಷಾಂಶವಿರುವ, ನೀರಿನಲ್ಲಿ ಕಲಸುವ ಶಿಲೀಂಧ್ರನಾಶಕ ಪುಡಿ) 100 ಪಿಪಿಎಂ ಬೇಕಾದರೆ 400 ಮಿ.ಗ್ರಾಂ ಪುಡಿಯನ್ನು 100 ಮಿ.ಲೀ. ಶುದ್ಧ ನೀರಿನಲ್ಲಿ ಕಲಸಿ, ಅದರಿಂದ 5 ಮಿ.ಲೀ. ತೆಗೆದು 95 ಮಿ.ಲೀ. ಮೀಡಿಯಾಕ್ಕೆ ಹಾಕುತ್ತೇನೆ. ಮೀಡಿಯಾ 45–50 ಡಿಗ್ರಿಗೆ ಇಳಿದಿರಬೇಕು, ಫ್ಲಾಸ್ಕನ್ನು ಮುಂಗೈಗೆ ತಾಗಿಸಿದರೆ ತಡೆಯುವಷ್ಟು ಬಿಸಿ. ಇನ್ನೊಂದು ಶಿಲೀಂಧ್ರನಾಶಕ ಮ್ಯಾಂಕೋಜೆಬ್ ನೀರಿನಲ್ಲಿ ಕರಗುವುದಿಲ್ಲ, ತೇಲಾಡುತ್ತದೆ ಅಷ್ಟೆ. ಪ್ರತಿ ತಟ್ಟೆಗೆ ಸುರಿಯುವ ಮುನ್ನ ಫ್ಲಾಸ್ಕ್ ತಿರುಗಿಸದಿದ್ದರೆ ಮೊದಲ ತಟ್ಟೆ ತೆಳ್ಳಗೆ, ಕೊನೆಯದು ಹಳದಿ ಗಸಿ.

ಬೇರೆ ತಟ್ಟೆಯಲ್ಲಿ ಬೆಳೆಸಿಟ್ಟ ಶಿಲೀಂಧ್ರದ ಎಳೆಯ ಕಲ್ಚರಿನ ಅಂಚಿನಿಂದ 5 ಮಿ.ಮೀ. ಬಿಲ್ಲೆ ಕತ್ತರಿಸಿ, ಬೂಸ್ಟಿನ ಮುಖ ಕೆಳಗಾಗಿ ತಟ್ಟೆಯ ನಡುವೆ ಇಟ್ಟು, 27 ಡಿಗ್ರಿಯಲ್ಲಿ ಬಿಡುತ್ತೇನೆ. ಅಳೆಯುವ ದಿನವನ್ನು ಕಂಟ್ರೋಲ್ ತಟ್ಟೆಯೇ ಹೇಳುತ್ತದೆ: ಬೆಳವಣಿಗೆ ಅಂಚು ಮುಟ್ಟುವ ಮೊದಲೇ ಅಳೆಯಿರಿ, ಮುಟ್ಟಿದ ಮೇಲೆ ಔಷಧಿಯ ನಿಜವಾದ ಬಲ ಸಿಗುವುದಿಲ್ಲ. ಬೆಳವಣಿಗೆಯ ವ್ಯಾಸ ಕಂಟ್ರೋಲ್‌ನಲ್ಲಿ 80, ಔಷಧಿ ತಟ್ಟೆಯಲ್ಲಿ 25 ಮಿ.ಮೀ. ಇದ್ದರೆ ಎರಡರಿಂದಲೂ ಬಿಲ್ಲೆಯ 5 ಕಳೆಯಬೇಕು: ತಡೆ ಶೇ. 73. ಕಳೆಯದಿದ್ದರೆ 69 ಬರುತ್ತದೆ. ಏನೂ ಬೆಳೆಯದ ತಟ್ಟೆಯ ಬಿಲ್ಲೆಯನ್ನು ಔಷಧಿಯಿಲ್ಲದ ಮೀಡಿಯಾಕ್ಕೆ ಸಾಗಿಸಿ ನೋಡಿ. ಮತ್ತೆ ಚಿಗುರಿದರೆ ಔಷಧಿ ಶಿಲೀಂಧ್ರವನ್ನು ಕೊಂದಿಲ್ಲ, ತಡೆಹಿಡಿದಿತ್ತು ಅಷ್ಟೆ.

ತಟ್ಟೆಯಲ್ಲಿ ತಡೆ ಕಡಿಮೆ ಬಂತೆಂದು, ಇಷ್ಟರಿಂದಲೇ ಅಜಾಕ್ಸಿಸ್ಟ್ರೋಬಿನ್‌ನಂಥ ಶಿಲೀಂಧ್ರನಾಶಕವನ್ನು ಕೈಬಿಡಬೇಡಿ. ತಟ್ಟೆಯಲ್ಲಿ ಶಿಲೀಂಧ್ರ ಬೇರೊಂದು ಉಸಿರಾಟದ ದಾರಿ ಹಿಡಿದು ಅದರಿಂದ ತಪ್ಪಿಸಿಕೊಳ್ಳಬಲ್ಲದು. ಆ ಔಷಧಿಯ ನಿಜವಾದ ಬಲ ಬೀಜಕ (ಶಿಲೀಂಧ್ರ ಹರಡುವ ಸೂಕ್ಷ್ಮ ಕಣ) ಮೊಳೆಯುವುದನ್ನು ತಡೆಯುವುದರಲ್ಲಿದೆ. ಅದಕ್ಕೆ ಮಿ.ಲೀ.ಗೆ ಒಂದು ಲಕ್ಷ ಬೀಜಕಗಳ ದ್ರಾವಣದಲ್ಲಿ ಮೊಳಕೆ ಎಣಿಸುವ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಬೇಕು.

ಹೊಲದಲ್ಲಿ 3×3 ಮೀ. ತಾಕುಗಳು, ಮೂರು ಪುನರಾವರ್ತನೆ. ಹೆಕ್ಟೇರಿಗೆ 500 ಲೀಟರ್ ಲೆಕ್ಕದಲ್ಲಿ ತಾಕಿಗೆ 450 ಮಿ.ಲೀ. ದ್ರಾವಣ. ಮೊದಲ ಚುಕ್ಕೆ ಕಂಡಾಗ ಒಂದು ಸಿಂಪಡಣೆ, 15 ದಿನಕ್ಕೆ ಇನ್ನೊಂದು. ಬರಿ ನೀರಿನ ತಾಕುಗಳಿಗೆ ಮೊದಲು ಹೊಡೆದು, ಆಮೇಲೆ ಒಂದೊಂದು ಔಷಧಿಗೂ ಪಂಪು ತೊಳೆದುಕೊಳ್ಳಬೇಕು. ಗಾಳಿಗೆ ಪಕ್ಕದ ತಾಕಿಗೆ ಹಾರದಂತೆ ಪಾಲಿಥೀನ್ ಪರದೆ ಹಿಡಿಯಬೇಕು.

ರೋಗದ ತೀವ್ರತೆ ಅಳೆಯುವ 0–9 ಅಂಕಪಟ್ಟಿಯಲ್ಲಿ (0 ಅಂದರೆ ರೋಗವಿಲ್ಲ) ಎಲೆಗಳಿಗಷ್ಟೇ ಅಂಕ ಕೊಟ್ಟರೆ ಮೋಸ ಹೋಗುತ್ತೀರಿ. ರೋಗ ಜೋರಾದ ಎಲೆಗಳು ಉದುರಿ, ಉಳಿದ ಎಳೆಯ ಎಲೆಗಳಿಂದ ನೀರಿನ ತಾಕೇ ಚೊಕ್ಕಟವಾಗಿ ಕಾಣುತ್ತದೆ. ಗುರುತು ಹಾಕಿದ ಐದೈದು ಗಿಡಗಳ ಕಾಂಡ, ಎಲೆತೊಟ್ಟು, ಕಾಯಿಗಳ ಮೇಲಿನ ತಗ್ಗುಬಿದ್ದ ಕಂದು ಮಚ್ಚೆಗಳಿಗೂ ಅಂಕ ಕೊಡಿ, ಉದುರಿದ ಎಲೆ ಎಣಿಸಿಡಿ.